ಸೊಪ್ಪಿನ ಆಮ್ಲಕ್ಕೆ ಹಾಲಿನ ಸುಣ್ಣ

ಸ್ವಿಟ್ಜರ್‌ಲೆಂಡಿನ ಪೂರ್ವದ ಬೆಟ್ಟನಾಡು ಗ್ರೌಬ್ಯುಂಡನ್‌ನಲ್ಲಿ ‘ಕಪೂನ್ಸ್’ ಎಂಬ ಅಡುಗೆಯುಂಟು. ಹಿಟ್ಟು, ಮೊಟ್ಟೆ, ಒಣಮಾಂಸದ ಚೂರು ಕಲಸಿ, ಎಲೆಯಲ್ಲಿ ಪುಟ್ಟ ಪೊಟ್ಟಣ ಕಟ್ಟಿ, ಹಾಲು ಬೆರೆತ ಸಾರಿನಲ್ಲಿ ಬೇಯಿಸಿ, ಮೇಲೆ ಚೀಸ್ ತುರಿಯುತ್ತಾರೆ. ಆ ಎಲೆಯೇ ಸ್ವಿಸ್ ಚಾರ್ಡ್.

ಹೆಸರಿನಲ್ಲಿ ಸ್ವಿಸ್ ಇದ್ದರೂ ಇದರ ಮೂಲ ಬೆಟ್ಟವಲ್ಲ, ಕಡಲ ದಂಡೆ. ಮೆಡಿಟರೇನಿಯನ್ ಮತ್ತು ಅಟ್ಲಾಂಟಿಕ್ ಕರಾವಳಿಯ ಕಾಡು ಬೀಟ್ ಇದರ ಪೂರ್ವಜ. ಗಡ್ಡೆ ದಪ್ಪಗಿದ್ದ ಗಿಡಗಳನ್ನೇ ಆರಿಸುತ್ತ ಬಂದ ರೈತರಿಗೆ ಬೀಟ್‌ರೂಟ್ ದಕ್ಕಿತು, ಎಲೆ-ದಂಟು ನೋಡಿ ಆರಿಸಿದವರಿಗೆ ಚಾರ್ಡ್. ಇಂದಿಗೂ ಎರಡೂ ಒಂದೇ ಪ್ರಭೇದ: ಬೀಟಾ ವಲ್ಗ್ಯಾರಿಸ್. ನಮ್ಮ ಪಾಲಕ್, ದಂಟಿನ ಸೊಪ್ಪುಗಳು ಇದೇ ಕುಟುಂಬದವು.

ಈ ಸೊಪ್ಪು ತಿಂದಮೇಲೆ ಹಲ್ಲು ಒರಟೊರಟು ಎನಿಸುತ್ತದೆ. ಕಾರಣ ಆಕ್ಸಾಲಿಕ್ ಆಮ್ಲ. ಅದು ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶದೊಡನೆ ಸೇರಿದರೆ ನೀರಿನಲ್ಲಿ ಕರಗದ ಹರಳಾಗುತ್ತದೆ. ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಇದೇ ಹರಳಿನವು.

ಈ ಆಮ್ಲದ ಕಾಟ ತಗ್ಗಿಸಲು ಉಪಾಯ ಎರಡು. ಮೊದಲನೆಯದು, ಧಾರಾಳ ನೀರಿನಲ್ಲಿ ಕುದಿಸಿ ಬಸಿಯುವುದು. ಬೇರೆಬೇರೆ ತರಕಾರಿಗಳನ್ನು ಕುದಿಸಿ ನೋಡಿದಾಗ ಕರಗುವ ಆಕ್ಸಲೇಟ್, ಅಂದರೆ ಈ ಆಮ್ಲದ ಲವಣ, ಶೇ. 30ರಿಂದ 87ರಷ್ಟು ಇಳಿದಿತ್ತು. ಹಬೆಯಲ್ಲಿ ಬೇಯಿಸಿದರೆ ಅಷ್ಟು ಇಳಿಯದು. ಕೆಂಪು ದಂಟಿನ ಚಾರ್ಡ್ ಕುದಿಸಿದರೆ ನೀರೂ ಕೆಂಪಾಗುತ್ತದೆ. ಅದು ಬೀಟಲೇನ್ ಎಂಬ ಬಣ್ಣ, ಬೀಟ್‌ರೂಟ್ ಹೆಚ್ಚಿದ ಕೈಗೆ ಅಂಟುವುದೂ ಅದೇ. ಆ ಕೆಂಪಿನ ಜೊತೆಗೇ ಕಣ್ಣಿಗೆ ಕಾಣದ ಆಕ್ಸಲೇಟ್ ಹೊರಬರುತ್ತದೆ, ಒಂದಿಷ್ಟು ‘ಸಿ’ ಜೀವಸತ್ವವೂ ಹೋಗುತ್ತದೆ. ದಂಟು ಗಟ್ಟಿ, ಎಲೆ ಮೆದು. ದಂಟನ್ನು ಮೊದಲು ಹಾಕಿ, ಅದು ಅರೆಬೆಂದಮೇಲೆ ಎಲೆ ಹಾಕಿದರೆ ಎರಡೂ ಹದವಾಗಿ ಬೇಯುತ್ತವೆ.

ಎರಡನೆಯದು ಹಾಲು, ಮೊಸರು, ಚೀಸ್. ಇವುಗಳ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ರಕ್ತಕ್ಕೆ ಸೇರಿ ಮೂತ್ರಪಿಂಡ ತಲುಪಬೇಕಿದ್ದದ್ದು ಮಲದೊಡನೆ ಹೊರಹೋಗುತ್ತದೆ. ಕಪೂನ್ಸ್ ಮಾಡಿದವರು ರಸಾಯನಶಾಸ್ತ್ರ ಓದಿ ಹಾಲು ಸುರಿದವರಲ್ಲ. ಹೈನು ಹೇರಳವಿದ್ದ ನಾಡಿನಲ್ಲಿ ಕೈಗೆ ಸಿಕ್ಕಿದ್ದು ಅದು.

ಬಸ್ಸಾರಿನ ಮನೆಗಳವರಿಗೆ ಒಂದು ಮಾತು. ಸೊಪ್ಪು ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವುದು ನಮ್ಮ ಜಾಣತನ. ಆದರೆ ಕಲ್ಲಿನ ತೊಂದರೆ ಇರುವವರು ಚಾರ್ಡ್ ತಂದ ದಿನ ಆ ಕಟ್ಟನ್ನು ಚೆಲ್ಲಿಬಿಡಲಿ, ಬೆಂದ ಸೊಪ್ಪನ್ನು ಮೊಸರಿಗೆ ಹಾಕಿ ಒಗ್ಗರಣೆ ಕೊಡಲಿ.