ಮರದಲ್ಲಿ ಉಳಿಸಿ, ಗಾಲಿಗೆ ಹಾಕಿ

ಸಾಗರದ ಆ ಮರಗೆಲಸದ ಶೆಡ್ 10 ಅಡಿ ಅಗಲ, 15 ಅಡಿ ಉದ್ದ. ಒಂದು ಬಾಗಿಲ ಚೌಕಟ್ಟು ಮಲಗಿಸಿದರೆ ಓಡಾಡಲು ಜಾಗವಿಲ್ಲ. ಅಂಥಲ್ಲಿ ಆಚಾರ್ರು ಸೊಂಟದೆತ್ತರದ ಗಾಡಿಯೊಂದನ್ನು ಮೂಲೆಯಿಂದ ಕಾಲಲ್ಲೇ ತಳ್ಳಿ ತಂದು, ಬ್ರೇಕ್ ಒತ್ತಿ, ತಿರುಗಿಯೂ ನೋಡದೆ ಅರ್ಧ ಇಂಚಿನ ಉಳಿ ತೆಗೆದರು. ನಾನು ಹೋದದ್ದು ಹಳೆ ಕಿಟಕಿಯೊಂದರ ದುರಸ್ತಿಗೆ. ಅದರ ಮಾತು ಬಿಟ್ಟು ಗಾಡಿಯ ಸುತ್ತಲೇ ಸುತ್ತತೊಡಗಿದೆ.

ಮೈಯೆಲ್ಲ ಉಳಿಕೆ ಮಾಲು. ಬದಿಗಳಿಗೆ ವಾರ್ಡ್‌ರೋಬ್ ಕೆಲಸದಲ್ಲಿ ಮಿಕ್ಕ 18 ಎಂ.ಎಂ. ಪ್ಲೈವುಡ್, ಬೆನ್ನಿಗೆ 6 ಎಂ.ಎಂ. ಹಾಳೆ, ಅರೆಗಳಿಗೆ ಯಾವುದೋ ಯಂತ್ರ ಬಂದ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ. ಹಲಗೆಯ ಮೇಲೆ ಗೋಧಿ ತೆನೆಯ ಮುದ್ರೆ, ಪಕ್ಕದಲ್ಲಿ ‘ಎಚ್‌ಟಿ’. ತಿರುಳಿನವರೆಗೆ 56 ಡಿಗ್ರಿ ಕಾವನ್ನು ಕನಿಷ್ಠ 30 ನಿಮಿಷ ಕೊಟ್ಟು ಹುಳ ಕೊಂದ ಮರ ಅದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಉಳಿ ನಿಲ್ಲಿಸುವ ಪಟ್ಟಿಯ ತೂತುಗಳು ಆರಪಾರವಾಗಿವೆ. ಹೊಟ್ಟು ಒಳಗೆ ಕೂರದೆ ಕೆಳಗೆ ಉದುರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ತೇವ ಹೀರಿದ ಹೊಟ್ಟು ಅಲಗಿಗೆ ತಾಗಿದ್ದರೆ ತುಕ್ಕಿಗೆ ಎರಡು ದಿನ ಸಾಕು. ಡ್ರಾಯರ್ ಒಂದೂ ಇಲ್ಲ. “ಚಾನೆಲ್ ದುಡ್ಡು ಉಳೀತು ಅಂತಲ್ಲ ಸಾರ್. ಒಳಗೆ ಹೋದ ಹತಾರ ಕಣ್ಣಿಗೆ ಬೀಳಲ್ಲ. ಕಳೀತು ಅಂದ್ಕೊಂಡು ಇನ್ನೊಂದು ತರ್ತೀವಿ” ಎಂದರು. ಸಾಲು ಡ್ರಾಯರಿನ ಚಂದದ ಪೆಟ್ಟಿಗೆಗಳ ಮೇಲಿದ್ದ ನನ್ನ ಮೋಹ ಅಲ್ಲಿಗೆ ಮುಗಿಯಿತು.

ಹತಾರದ ಪೆಟ್ಟಿಗೆ ಎಂದರೆ ನನಗೆ ಮೊದಲು ಹೊಳೆಯುವುದು ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದ್ದು. 1936ರಲ್ಲಿ ಮೆಸ್ಟರ್‌ಮಿರ್ ಎಂಬಲ್ಲಿ, ನೀರು ಬಸಿದು ಹೊಲ ಮಾಡಿದ್ದ ಜೌಗಿನಲ್ಲಿ, ರೈತನೊಬ್ಬನ ನೇಗಿಲಿಗೆ ಓಕ್ ಮರದ ಪೆಟ್ಟಿಗೆ ಸಿಕ್ಕಿಕೊಂಡಿತು. ಸುತ್ತ ಕಬ್ಬಿಣದ ಸರಪಳಿ. ಉದ್ದ ಸುಮಾರು 90 ಸೆಂ.ಮೀ., ಅಗಲ 26 ಅಷ್ಟೇ. ವೈಕಿಂಗರ ಕಾಲದ್ದು. ಕೊಡಲಿ, ಗರಗಸ, ಅರ, ಬೈರಿಗೆಯ ಮೊನೆ, ಸುತ್ತಿಗೆ, ಇಕ್ಕಳ, ಅಡಿಗಲ್ಲು ಎಲ್ಲ ಸೇರಿ 200ಕ್ಕೂ ಹೆಚ್ಚು ವಸ್ತುಗಳು. ಬಡಗಿಯದೂ ಕಮ್ಮಾರನದೂ ಒಟ್ಟಿಗೇ ಇವೆ. ಸಾವಿರ ವರ್ಷದ ಹಿಂದಿನ ಆ ಗರಗಸವನ್ನು ಇಂದಿನ ಬಡಗಿಯ ಕೈಗಿತ್ತರೆ ಯಾವ ಕಡೆ ಹಿಡಿಯಬೇಕೆಂದು ಕೇಳಲಾರ. ಇಷ್ಟು ಕಬ್ಬಿಣ ತುಂಬಿದ ಪೆಟ್ಟಿಗೆಯನ್ನು ಕೆಲಸ ಇದ್ದಲ್ಲಿಗೆ ಹೊತ್ತವರು ಯಾರು, ಎಷ್ಟು ಜನ ಎಂದು ಯೋಚಿಸುತ್ತಲೇ ಇರುತ್ತೇನೆ. ಅದಕ್ಕೆ ಗಾಲಿ ಇರಲಿಲ್ಲ.

ಆಚಾರ್ರು ಕೈಬಿಚ್ಚಿ ದುಡ್ಡು ಹಾಕಿದ್ದು ಗಾಲಿಗೇ. ಎರಡು ನೇರ ಓಡುವಂಥವು, ಎರಡು ಸುತ್ತ ತಿರುಗುವ ಬ್ರೇಕಿನವು. ನೆಲ ಏರುಪೇರಾಗಿದ್ದರೆ ನಾಲ್ಕರಲ್ಲಿ ಒಂದು ಗಾಳಿಯಲ್ಲೇ ಇರುತ್ತದೆ. ಆದ್ದರಿಂದ ಭಾರವನ್ನು ಮೂರರಿಂದ ಭಾಗಿಸಬೇಕು. ಗಾಡಿ, ಹತಾರ ಸೇರಿ 120 ಕಿಲೋ ಆದರೆ ಒಂದೊಂದು ಗಾಲಿ 40 ಕಿಲೋ ತಾಳಬೇಕು, 30 ಅಲ್ಲ. ಮೂರಿಂಚಿಗಿಂತ ಸಣ್ಣದಾದರೆ ಬಿದ್ದ ಮೊಳೆಯೊಂದಕ್ಕೇ ಮುಗ್ಗರಿಸುತ್ತದೆ. ತಳಕ್ಕೆ ಪ್ಲೈವುಡ್ ಜೋಡಿ ಮಾಡಿ ಬೋಲ್ಟ್ ಹಾಕಿದ್ದಾರೆ; ಬರೀ ಸ್ಕ್ರೂ ಆದರೆ ಗಾಡಿ ಅಡ್ಡಕ್ಕೆ ಎಳೆದಾಗೆಲ್ಲ ಸಡಿಲವಾಗುತ್ತದೆ.

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹತಾರಕ್ಕೆಂದು 15,000 ರೂ.ವರೆಗೆ ನೆರವಿದೆ. ಒಳ್ಳೆಯದೇ. ಆದರೆ ಹೊಸ ಹತಾರ ಗೋಣಿಚೀಲದಲ್ಲಿ ಒಂದಕ್ಕೊಂದು ಉಜ್ಜಿಕೊಂಡು ಮೊಂಡಾದರೆ ಏನು ಬಂತು? ತರಬೇತಿಯಲ್ಲಿ ಇಂಥ ಗಾಡಿಯೊಂದನ್ನು ಮಾಡಿಸಬೇಕೆಂದು ನನ್ನ ಆಸೆ.

ಆಚಾರ್ರು ಈಗ ಎರಡನೆಯದಕ್ಕೆ ಗುರುತು ಹಾಕಿದ್ದಾರೆ. ಅವರ ಕೊಯ್ಯುವ ಮೇಜು ಎಂದರೆ ಪ್ಲೈವುಡ್ ಹಲಗೆಯಡಿ ತಲೆಕೆಳಗಾಗಿ ಬಿಗಿದ, ಮರದ ಬ್ಲೇಡಿನ ಮಾರ್ಬಲ್ ಕಟರ್. ಎತ್ತರ 34 ಇಂಚು. ಹೊಸ ಗಾಡಿಯ ತಲೆ ಅದಕ್ಕೆ ಸಮವಾದರೆ 8 ಅಡಿ ಹಾಳೆಯ ತುದಿ ಹಿಡಿಯಲು ಇನ್ನೊಬ್ಬರು ಬೇಡ. ನಾಲ್ಕಿಂಚಿನ ಗಾಲಿ ತಗಡು ಸೇರಿ ಸುಮಾರು 5 ಇಂಚು ಏರುತ್ತದೆ. ಹಾಗಾಗಿ ಪೆಟ್ಟಿಗೆಯನ್ನು 29ಕ್ಕೇ ನಿಲ್ಲಿಸುತ್ತಾರಂತೆ.