ಅಡುಗೆಮನೆಯ ಎಣ್ಣೆಯೋ, ತಲೆಗೂದಲಿನದೋ?

ಸಂಪಿಗೆ, ತಿಪಟೂರು ಸೀಮೆಯಲ್ಲಿ ಕಾಯಿ, ಕೊಬ್ಬರಿ, ಎಣ್ಣೆ ಎಲ್ಲವೂ ಒಂದೇ ಮರದ ಮಕ್ಕಳು. ಸುಂಕದ ಪುಸ್ತಕದಲ್ಲಿ ಮಾತ್ರ ಅವು ಬೇರೆ ಬೇರೆ ಮನೆಯವು: ಕಾಯಿ 0801, ಕೊಬ್ಬರಿ 1203, ಎಣ್ಣೆ 1513. ದೇಶದೇಶಗಳ ವ್ಯಾಪಾರಕ್ಕೆಂದು 1988ರಿಂದ ಜಾರಿಯಲ್ಲಿರುವ, ಸರಕಿಗೆ ಸಂಖ್ಯೆ ಕೊಡುವ ಈ ಪದ್ಧತಿಯಲ್ಲಿ, ಉದಾಹರಣೆಗೆ, ಎಲ್‌ಇಡಿ ಬಲ್ಬು 8539ಕ್ಕೆ ಸೇರುತ್ತದೆ, ಗೋಡೆಗೋ ಚಾವಣಿಗೋ ಹಾಕುವ ಪೂರ್ಣ ದೀಪ 9405ಕ್ಕೆ. ಬಲ್ಬು ದೇವರಮನೆಯಲ್ಲಿ ಉರಿಯುತ್ತದೋ ಕೊಟ್ಟಿಗೆಯಲ್ಲೋ ಎಂದು ಯಾರೂ ಕೇಳುವುದಿಲ್ಲ. ಎಣ್ಣೆಗೂ ಅದೇ ನ್ಯಾಯ ಸಲ್ಲಬೇಕು.

ಚಿಕ್ಕ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆ ತಲೆಗೆ ಹಚ್ಚುವಂಥದ್ದು, ಆದ್ದರಿಂದ ಅದು 3305ರ ಕೇಶತೈಲ ಎಂದು ತೆರಿಗೆ ಇಲಾಖೆ ವರ್ಷಗಟ್ಟಲೆ ವಾದಿಸಿತು. ವಾದ ತೀರಾ ಹುರುಳಿಲ್ಲದ್ದಲ್ಲ. ನಮ್ಮಲ್ಲಿ ಆ ಬಾಟಲಿ ಒಲೆಗಿಂತ ಕನ್ನಡಿಯ ಬಳಿಯೇ ಹೆಚ್ಚು ಕಾಣುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬರಲಿಲ್ಲ. ಆದರೂ ಕಾಸಿದ್ದಷ್ಟೇ ಕೊಳ್ಳುವ ಬಡವರ ಅಡುಗೆ ಎಣ್ಣೆ, ಬಾಟಲಿ ಚಿಕ್ಕದೆಂಬ ಕಾರಣಕ್ಕೆ ಶೃಂಗಾರ ಸಾಮಗ್ರಿಯಾಗುವುದು ಹೇಗೆ? ಲೆಕ್ಕ ಸಣ್ಣದಲ್ಲ: ಆಗ ಖಾದ್ಯ ಎಣ್ಣೆಗೆ ಜಿಎಸ್‌ಟಿ ಶೇ 5, ಕೇಶತೈಲಕ್ಕೆ ಶೇ 18. ಕೊನೆಗೆ 2024ರ ಡಿಸೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಕೂದಲಿಗೆಂದು ಲೇಬಲ್ಲೋ ಪ್ಯಾಕಿಂಗೋ ಹೇಳದಿದ್ದರೆ, ಚಿಕ್ಕ ಬಾಟಲಿಯದೂ ಖಾದ್ಯ ಎಣ್ಣೆಯೇ.