ಅಪಸ್ಮಾರವಿರುವ ಮಗು ಮತ್ತು ಶಾಲೆಯ ಹೊಣೆ

ಮೆದುಳಿನ ವಿದ್ಯುತ್ ಚಟುವಟಿಕೆ ಸ್ವಲ್ಪ ಹೊತ್ತು ಹತೋಟಿ ತಪ್ಪಿ, ಮರಳಿ ಮರಳಿ ಸೆಳವು ಬರುವ ಕಾಯಿಲೆಯೇ ಅಪಸ್ಮಾರ. ಜನರ ಮಾತಿನಲ್ಲಿ ಇದು ಮೂರ್ಛೆರೋಗ ಅಥವಾ ಫಿಟ್ಸ್, ಮರಾಠಿಯಲ್ಲಿ ಮಿರ್ಗಿ. ಇದು ಅಂಟುರೋಗವಲ್ಲ, ದೈವದ ಮುನಿಸೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆಯಿದೆ; ಸರಿಯಾದ ಚಿಕಿತ್ಸೆ ದೊರೆತರೆ ನೂರರಲ್ಲಿ 70 ಮಂದಿ ಸೆಳವಿಲ್ಲದೆ ಬಾಳಬಲ್ಲರು.

ಆದರೂ ಅನೇಕ ಪಾಲಕರು ಇದನ್ನು ಶಾಲೆಗೆ ತಿಳಿಸುವುದಿಲ್ಲ. ಹೆಣ್ಣುಮಗುವಾದರೆ ಮುಂದೆ ಮದುವೆಗೆ ತೊಡಕಾದೀತೆಂಬ ಅಂಜಿಕೆ ಹೆಚ್ಚು. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರವನ್ನು ಮದುವೆಗೆ ಅಡ್ಡಿಯೆಂದಿದ್ದ ಮಾತನ್ನು 1999ರ ತಿದ್ದುಪಡಿ ತೆಗೆದುಹಾಕಿದೆ. ಜನರ ಮನಸ್ಸಿನಿಂದ ಅದು ಇನ್ನೂ ಹೋಗಿಲ್ಲ. ಆದುದರಿಂದ ಶಿಕ್ಷಕರು ಪಾಲಕರೊಡನೆ ಏಕಾಂತದಲ್ಲಿ ಮಾತನಾಡಬೇಕು. ತಿಳಿದ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ತರಗತಿಯಲ್ಲಿ ಆಡಬಾರದು.

ಗುರುತಿಸುವುದು

ಎಲ್ಲ ಸೆಳವುಗಳಲ್ಲಿಯೂ ಮಗು ನೆಲಕ್ಕೆ ಬಿದ್ದು ಕೈಕಾಲು ಬಡಿಯುವುದಿಲ್ಲ. ಕೆಲವು ಮಕ್ಕಳು ಓದುತ್ತಿರುವಾಗಲೇ ಐದಾರು ಸೆಕೆಂಡು ಶೂನ್ಯದೃಷ್ಟಿಯಿಂದ ನಿಂತು, ಬಳಿಕ ಏನೂ ಆಗದಂತೆ ಮುಂದುವರಿಯುತ್ತಾರೆ. ದಿನಕ್ಕೆ ಹಲವು ಬಾರಿ ಹೀಗಾದರೆ ಪಾಠದ ಎಳೆ ತಪ್ಪುತ್ತದೆ. ಇದನ್ನು ಅಲಕ್ಷ್ಯವೆಂದು ಬಗೆದು ಗದರಿಸಬಾರದು.

ಬರೆದಿಡುವುದು

ಸೆಳವು ಬಂದಾಗ ವೈದ್ಯರು ಎದುರಿಗಿರುವುದಿಲ್ಲ. ನೋಡಿದವರ ಮಾತೇ ಅವರಿಗೆ ಮುಖ್ಯ ಆಧಾರ. ದಿನಾಂಕ, ವೇಳೆ, ಎಷ್ಟು ಹೊತ್ತು, ಯಾವ ಅಂಗದಿಂದ ಆರಂಭ, ಕಣ್ಣು ಯಾವ ಕಡೆ ತಿರುಗಿತ್ತು, ಎಚ್ಚರವಾದ ಬಳಿಕ ಮಗು ಹೇಗಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಜತ್ತ ತಾಲೂಕಿನ ಮಗುವಿನ ಮನೆಮಾತು ಕನ್ನಡ. ಸಾಂಗಲಿ, ಮಿರಜ ಆಸ್ಪತ್ರೆಗಳಲ್ಲಿ ನಡೆಯುವ ಮಾತು ಮರಾಠಿ. ಉಮದಿ, ಸಂಖದಂಥ ಮೂಡಣದ ಊರುಗಳವರು ವಿಜಯಪುರಕ್ಕೂ ಹೋಗುತ್ತಾರೆ. ತಾಯಿ ಕನ್ನಡದಲ್ಲಿ ಹೇಳಿದ್ದನ್ನು ಎರಡೂ ಭಾಷೆಗಳಲ್ಲಿ ಬರೆದುಕೊಡಬಲ್ಲವರು ಕನ್ನಡ ಶಾಲೆಯ ಶಿಕ್ಷಕರೇ. ಮಗುವಿಗೆ ಶಾಲೆ ನೀಡುವ ಮೊದಲ ನೆರವು ಈ ಹಾಳೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು (2013) ತಪಾಸಣೆ ಮಾಡುವ ಕಾಯಿಲೆಗಳ ಪಟ್ಟಿಯಲ್ಲಿ ಸೆಳವಿನ ಕಾಯಿಲೆಯೂ ಸೇರಿದೆ. ತಪಾಸಣಾ ತಂಡ ಶಾಲೆಗೆ ಬಂದಾಗ ಈ ಹಾಳೆಯನ್ನು ತೋರಿಸಿ, ಮಗುವನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುವ ಪತ್ರವನ್ನು ಕೇಳಿ ಪಡೆಯಬೇಕು.

ಸೆಳವು ಬಂದಾಗ

1. ಗಡಿಯಾರ ನೋಡಿಕೊಳ್ಳಬೇಕು. ಉಳಿದ ಮಕ್ಕಳನ್ನು ದೂರ ಸರಿಸಿ, ಸುತ್ತಲಿನ ಗಟ್ಟಿ ವಸ್ತುಗಳನ್ನು ತೆಗೆಯಬೇಕು.
2. ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು ಕೊರಳ ಗುಂಡಿ ಸಡಿಲಿಸಬೇಕು. ಆದಷ್ಟು ಬೇಗ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು.
3. ಕೈಕಾಲು ಒತ್ತಿ ಹಿಡಿಯಬಾರದು. ಬಾಯಿಗೆ ಚಮಚ, ನೀರು, ಬೆರಳು ಯಾವುದನ್ನೂ ಹಾಕಬಾರದು. ಕಬ್ಬಿಣ ಹಿಡಿಸುವುದು, ಉಳ್ಳಾಗಡ್ಡಿ ಅಥವಾ ಚಪ್ಪಲಿ ಮೂಸಿಸುವುದು ವ್ಯರ್ಥ.
4. ಸೆಳವು 5 ನಿಮಿಷ ಮೀರಿದರೆ, ಎಚ್ಚರವಾಗುವ ಮೊದಲೇ ಮತ್ತೊಂದು ಬಂದರೆ, ಪೆಟ್ಟಾಗಿದ್ದರೆ ಅಥವಾ ಇದೇ ಮೊದಲ ಸೆಳವಾಗಿದ್ದರೆ 108ಕ್ಕೆ ಕರೆ ಮಾಡಬೇಕು.
5. ಬಟ್ಟೆ ಒದ್ದೆಯಾಗಿದ್ದರೆ ಮರೆಮಾಡಿ ಬದಲಿಸಿ, ಮಲಗಲು ಬಿಡಬೇಕು. ಪೂರ್ಣ ಎಚ್ಚರವಾಗುವವರೆಗೆ ಒಬ್ಬರು ಬಳಿಯಲ್ಲಿರಬೇಕು.

ಶಾಲೆಯ ಏರ್ಪಾಡು

ಸೆಳವು ಬರುತ್ತದೆಂಬ ಕಾರಣಕ್ಕೆ ಮಗುವನ್ನು ಮನೆಯಲ್ಲಿರಿಸಿರೆಂದು ಹೇಳುವ ಅಧಿಕಾರ ಶಾಲೆಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೆಯ ಕಲಮು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆಯಬಾರದೆಂದೂ, 17ನೆಯ ಕಲಮು ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೂಡದೆಂದೂ ವಿಧಿಸುತ್ತವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅಪಸ್ಮಾರದ ಹೆಸರು ಪ್ರತ್ಯೇಕವಾಗಿಲ್ಲ. ಆದರೆ ಮಗುವಿಗೆ ಬೌದ್ಧಿಕ ನ್ಯೂನತೆ, ಮೆದುಳಿನ ಪಾರ್ಶ್ವವಾಯು ಅಥವಾ ಕಲಿಕಾ ನ್ಯೂನತೆಯೂ ಇದ್ದರೆ ಪ್ರಮಾಣಪತ್ರಕ್ಕಾಗಿ ಗಟ ಸಾಧನ ಕೇಂದ್ರದ ವಿಶೇಷ ಶಿಕ್ಷಕರನ್ನು ಕಾಣಬೇಕು.

ಪ್ರಮಾಣಪತ್ರವಿಲ್ಲದೆಯೂ ಮಾಡಬಹುದಾದದ್ದು ಬಹಳವಿದೆ: ಮುಂದಿನ ಸಾಲಿನಲ್ಲಿ ಕೂರಿಸುವುದು, ಜೊತೆಗಾರನೊಬ್ಬನನ್ನು ಗೊತ್ತುಮಾಡುವುದು, ತಪ್ಪಿದ ಪಾಠವನ್ನು ಮತ್ತೆ ಹೇಳುವುದು. ಕೆಲವು ಔಷಧಿಗಳಿಂದ ಮಂಪರು ಬರುತ್ತದೆ, ಅದನ್ನು ಸೋಮಾರಿತನವೆನ್ನಬಾರದು. ಬಾವಿಯ ಈಜು, ಮರ ಹತ್ತುವುದು ಬೇಡ. ಉಳಿದ ಆಟಗಳಿಂದ ದೂರವಿರಿಸಬೇಕಾಗಿಲ್ಲ.

ಕಬ್ಬಿನ ಹಂಗಾಮು

ಅಪಸ್ಮಾರದ ಔಷಧಿಯನ್ನು ಥಟ್ಟನೆ ನಿಲ್ಲಿಸಿದರೆ ದೀರ್ಘ ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಜತ್ತದ ಬರಪೀಡಿತ ಊರುಗಳಿಂದ ಕುಟುಂಬಗಳು ಕಬ್ಬು ಕಡಿಯಲು ಹೊರಡುವ ಕಾಲವೇ ಔಷಧಿ ತಪ್ಪುವ ಕಾಲ. ಆದ್ದರಿಂದ ಟೋಳಿ ಹೊರಡುವ ಮುನ್ನ ಔಷಧಿಯ ಸಂಗ್ರಹ ಎಷ್ಟಿದೆಯೆಂದು ವಿಚಾರಿಸಿ, ವೈದ್ಯರ ಚೀಟಿಯ ನಕಲು ಮತ್ತು ಶಾಲೆಯ ಹಾಳೆಯನ್ನು ಮಗುವಿನೊಡನೆ ಕಳುಹಿಸಬೇಕು. ಆ ಕಡೆಯ ಶಾಲೆ ಮರಾಠಿಯದಾಗಿರುವುದರಿಂದ ಮರಾಠಿ ಪ್ರತಿ ಇರಲೇಬೇಕು. ಮಗು ಊರಿನಲ್ಲಿಯೇ ಅಜ್ಜಿಯ ಬಳಿ ಉಳಿದರೆ, ಯಾವ ಗುಳಿಗೆ ಯಾವ ಹೊತ್ತಿಗೆಂಬುದನ್ನು ಅಜ್ಜಿಗೆ ಕನ್ನಡದಲ್ಲಿ ತಿಳಿಸಿ, ವಾರಕ್ಕೊಮ್ಮೆ ವಿಚಾರಿಸಬೇಕು.